ಕೂರಲಾಗದ ಚಳಿಗಾಲ

ನನ್ನ ಕಾಲಿನ ಬಗ್ಗೆ ಮೂರು ಊರುಗಳಲ್ಲಿ ಒಂದೇ ಕಥೆ ಓಡಾಡುತ್ತಿದೆ. ಬ್ರಿಸ್ಬೇನ್‌ನಲ್ಲಿ ನನ್ನ ದೊಡ್ಡಪ್ಪನ ಮಗಳು ವೀಣಕ್ಕ ಅದನ್ನು ಆಫೀಸಿನವರಿಗೆ ಹೇಳುತ್ತಾಳೆ. ಪರ್ತ್‌ನಲ್ಲಿ ಪರಿಚಯದ ಆಂಟಿಯರು ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಹೇಳುತ್ತಾರೆ. ಅಡಿಲೇಡ್‌ನಲ್ಲಿ ನನ್ನ ಗೆಳತಿ ಶಾಹೀನ್ ಹೇಳುತ್ತಾಳೆ. ಕಥೆ ಚಿಕ್ಕದು. ಹುಡುಗಿ ಸ್ಕೀ ಮಾಡಲು ಹೋಗಿ ಬಿದ್ದಳು, ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡಳು, ಆಪರೇಷನ್ ಬೇಡ ಎಂದಳು, ಯಾರ ಸಹಾಯವೂ ಇಲ್ಲದೆ ಒಬ್ಬಳೇ ವ್ಯಾಯಾಮ ಮಾಡಿ ಗುಣವಾದಳು. ಕೊನೆಗೊಂದು ಮಾತು ಕಡ್ಡಾಯ: "ವಿಲ್‌ಪವರ್ ಅಂದ್ರೆ ಅದು ನೋಡಿ."

ಈ ಕಥೆಯ ನಾಯಕಿ ನಾನೇ ಆದ್ದರಿಂದ ಒಪ್ಪಿಕೊಂಡು ಸುಮ್ಮನಿರುವುದು ನನಗೆ ಲಾಭ. ಆದರೆ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಬೆಳೆದವಳಿಗೆ ಪುರಾವೆಯಿಲ್ಲದ ವಾಕ್ಯ ಗಂಟಲಲ್ಲಿ ಇಳಿಯುವುದಿಲ್ಲ. ವಿಲ್‌ಪವರ್ ವಿಚಾರವನ್ನೇ ನೋಡಿ. ಹರಿದ ಸ್ನಾಯುವಿಗೆ ಕಿವಿಯಿಲ್ಲ, ಅದಕ್ಕೆ ನನ್ನ ಸಂಕಲ್ಪ ಕೇಳಿಸುವುದಿಲ್ಲ. ನಾನು ಛಲ ತೊಟ್ಟು ಹೆಚ್ಚು ವ್ಯಾಯಾಮ ಮಾಡಿದ ಮರುದಿನವೇ ಅದು ಹೆಚ್ಚು ನೋಯುತ್ತಿತ್ತು. ಸೋಮಾರಿಯಾಗಿ ಮಲಗಿದ ದಿನ ಅದಕ್ಕೆ ಹಿತವಾಗಿರುತ್ತಿತ್ತು. ಹೋಗಲಿ, ಇದು ಸಣ್ಣ ತಕರಾರು. ನನ್ನ ನಿಜವಾದ ಜಗಳ "ಯಾರ ಸಹಾಯವೂ ಇಲ್ಲದೆ" ಎಂಬ ಮಾತಿನ ಜೊತೆ. ಹೇಳುವವರು ಅದನ್ನು ಪದಕದಂತೆ ನನ್ನ ಕೊರಳಿಗೆ ಹಾಕುತ್ತಾರೆ. ಸಹಾಯ ಯಾಕೆ ಇರಲಿಲ್ಲ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನಡೆದದ್ದು ಹೀಗೆ. ನಾನು ಪರ್ತ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೆ, ಥಾರ್ನ್ಲಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಮನೆ ಹಂಚಿಕೊಂಡಿದ್ದೆ. ಇಲ್ಲಿ ಜುಲೈ ಅಂದರೆ ಚಳಿಗಾಲ, ಆ ರಜೆಗೆ ವೀಣಕ್ಕ ಕರೆದಳು. ಅವಳೂ ಭಾವನೂ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವವರು, ಇಬ್ಬರೂ ಸಾಫ್ಟ್‌ವೇರ್‌ನವರು. ಮಗಳಿಗೆ ಹಿಮ ತೋರಿಸಬೇಕು, ನೀನೂ ಬಾ ಎಂದಳು. ಹೋದೆ. ದಾವಣಗೆರೆಯ ಬಿಸಿಲಲ್ಲಿ ಬೆಳೆದ ನಾನು ನ್ಯೂ ಸೌತ್ ವೇಲ್ಸ್‌ನ ಬೆಟ್ಟದ ಮೇಲೆ ಬಾಡಿಗೆ ಬೂಟು ತೊಟ್ಟು, ಹಲಗೆಯಂಥ ಎರಡು ಸ್ಕೀಗಳ ಮೇಲೆ ನಿಂತೆ.

ಬಿದ್ದ ಜಾಗ ಮಕ್ಕಳು ಕಲಿಯುವ ಇಳಿಜಾರು. ನನ್ನ ವೇಗ ಮದುವೆ ಮೆರವಣಿಗೆಯದು. ಎಡಗಾಲಿನ ಸ್ಕೀ ತನ್ನಷ್ಟಕ್ಕೆ ಮುಂದೆ ಜಾರಿತು, ಬಲಗಾಲು ಹಿಂದೆಯೇ ಉಳಿಯಿತು, ಸೊಂಟದ ಮೇಲಿನ ಭಾಗ ಮುಂದಕ್ಕೆ ಬಾಗಿತು. ಎಡ ಮೊಣಕಾಲು ನೆಟ್ಟಗೇ ಇತ್ತು. ಆಗ ಪಿರ್ರೆಯ ಕೆಳಗೆ ಟಪ್ ಎಂದಿತು. ಯಾರೋ ಹಿಂದಿನಿಂದ ಕೋಲಿನಲ್ಲಿ ಬಾರಿಸಿದರು ಎಂದೇ ಅಂದುಕೊಂಡೆ. ಜಗಳಕ್ಕೆ ಸಿದ್ಧಳಾಗಿ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಬೆಟ್ಟದ ಬುಡದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಸ್ನಾಯು ಉಳುಕಿದೆ, ಐಸ್ ಇಟ್ಟುಕೊಂಡು ವಿಶ್ರಾಂತಿ ತಗೊಳ್ಳಿ ಎಂದರು. ಮೂಳೆ ಮುರಿದಿಲ್ಲ ಎಂಬ ಆ ಒಂದು ವಾಕ್ಯ ಮುಂದೆ ನನಗೆ ಮಾಡಿದಷ್ಟು ಅನ್ಯಾಯವನ್ನು ಆ ಸ್ಕೀ ಮಾಡಲಿಲ್ಲ. ಭಾವ ಕಾರಿನಿಂದಲೇ ಎಲ್ಲರಿಗೂ ಫೋನ್ ಮಾಡಿ ಮೂಳೆಗೆ ಏನೂ ಆಗಿಲ್ಲ ಎಂದು ಸಾರಿದರು. ದೊಡ್ಡಪ್ಪ ದೇವರು ದೊಡ್ಡವನು ಎಂದರು. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಿಮದ ಮೇಲೆ ಬಿದ್ರೆ ಮೆತ್ತಗಿರಲ್ವೇನೆ?" ಎಂದು ಕೇಳಿದಳು. ಅಮ್ಮನ ಕಲ್ಪನೆಯಲ್ಲಿ ನಾನು ಹತ್ತಿಯ ರಾಶಿಯ ಮೇಲೆ ಬಿದ್ದಿದ್ದೆ.

ನಮ್ಮವರಲ್ಲಿ ಗಾಯಗಳಿಗೂ ಅಂತಸ್ತಿದೆ. ಮೂಳೆ ಮುರಿದರೆ ಬಿಳಿ ಪ್ಲಾಸ್ಟರ್, ಅದನ್ನು ನೋಡಲು ಜನ, ಜನರ ಕೈಯಲ್ಲಿ ಹಣ್ಣು. ಸ್ನಾಯುವಿಗೆ ಏನಿದೆ? ಪ್ಯಾಂಟಿನೊಳಗೆ ಪಿರ್ರೆಯಿಂದ ಮೊಣಕಾಲಿನ ಹಿಂದಿನವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿದ ಚರ್ಮವಿತ್ತು. ಅದನ್ನು ಯಾರಿಗೆ ತೋರಿಸಲಿ? ನಾನು ಕುಂಟುತ್ತ ನಡೆಯುತ್ತಿದ್ದೆ, ನಿಲ್ಲುತ್ತಿದ್ದೆ, ನಗುತ್ತಿದ್ದೆ. ನೋಡುವವರ ಕಣ್ಣಿಗೆ ಅರ್ಧ ಗುಣವಾದವಳು. ಒಂದು ಕೆಲಸ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಕೂರಲು ಆಗುತ್ತಿರಲಿಲ್ಲ.

ಇದನ್ನು ಆರೋಗ್ಯವಂತರಿಗೆ ವಿವರಿಸುವುದು ಕಷ್ಟ. ಕೂತಾಗ ನಮ್ಮ ಭಾರವೆಲ್ಲ ಪಿರ್ರೆಯೊಳಗಿನ ಎರಡು ಮೂಳೆಗಳ ಮೇಲೆ ಬೀಳುತ್ತದೆ. ತೊಡೆಯ ಹಿಂದಿನ ಸ್ನಾಯು ಹೊರಡುವುದೂ ಅಲ್ಲಿಂದಲೇ. ನನ್ನದು ಅಲ್ಲಿಯೇ ಕಿತ್ತಿತ್ತು. ಕೂತರೆ ಕೆಂಡದ ಮೇಲೆ ಕೂತಂತೆ. ಜಗತ್ತಿನ ಮರ್ಯಾದೆಯೆಲ್ಲ ಕುರ್ಚಿಯಿಂದ ಶುರುವಾಗುತ್ತದೆ ಎನ್ನುವುದು ನನಗೆ ಆಗ ಗೊತ್ತಾಯಿತು. ವೀಣಕ್ಕನ ಮನೆಗೆ ಬಂದವರೆಲ್ಲ ಮೊದಲು ಹೇಳುತ್ತಿದ್ದದ್ದು "ಕೂತ್ಕೋಮ್ಮ, ನಿಂತ್ಕೋಬೇಡ, ಕಾಲಿಗೆ ರೆಸ್ಟ್ ಕೊಡು." ನಾನು ಕೂರಲು ಆಗಲ್ಲ ಎನ್ನುತ್ತಿದ್ದೆ. ಅವರು ಸಂಕೋಚ ಎಂದುಕೊಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆಯುತ್ತಿದ್ದರು.

ಪರ್ತ್‌ಗೆ ವಾಪಸಾಗುವ ವಿಮಾನ ಐದು ಗಂಟೆಗೂ ಹೆಚ್ಚಿನದು. ಮೇಲೇರುವಾಗ, ಇಳಿಯುವಾಗ ಕೂತೇ ತೀರಬೇಕು. ಆ ಹೊತ್ತಿನಲ್ಲಿ ಒಂದೇ ಪಿರ್ರೆಯ ಮೇಲೆ ವಾಲಿ, ಪಕ್ಕದವನ ಭುಜಕ್ಕೆ ತಾಗದಂತೆ ಕಿಟಕಿಗೆ ಒತ್ತಿಕೊಂಡು ಕೂತೆ. ಉಳಿದಷ್ಟು ಹೊತ್ತೂ ಹಿಂಭಾಗದಲ್ಲಿ, ಟಾಯ್ಲೆಟ್ ಪಕ್ಕ ನಿಂತಿದ್ದೆ. ಬಂದವರೆಲ್ಲ ನನ್ನನ್ನು ಸರತಿಯಲ್ಲಿರುವವಳು ಎಂದುಕೊಂಡು ನನ್ನ ಹಿಂದೆ ನಿಲ್ಲುತ್ತಿದ್ದರು. ಕೊನೆಗೆ ಊಟ ಹಂಚುವ ಹೆಂಗಸು ಕಾರಣ ಕೇಳಿ, ತಾವು ಟ್ರೇಗಳನ್ನು ಇಡುವ ಮೂಲೆಗೆ ಕರೆದು, ಒರಗಲು ಜಾಗ ಮಾಡಿಕೊಟ್ಟಳು. ಕೂತ್ಕೋ ಎನ್ನದ ಮೊದಲ ವ್ಯಕ್ತಿ ಅವಳು. ಹೆಸರು ಕೇಳಲು ಮರೆತೆ.

ಥಾರ್ನ್ಲಿಯ ಮನೆಯಲ್ಲಿ ಜೊತೆಯ ಹುಡುಗಿಯರು ಒಳ್ಳೆಯವರು. ಆದರೆ ಒಬ್ಬಳದು ರಾತ್ರಿ ಪಾಳಿ, ಇನ್ನೊಬ್ಬಳದು ಬೆಳಗಿನ ಪಾಳಿ, ನಡುವೆ ಇಬ್ಬರಿಗೂ ಕ್ಲಾಸು. ಒಬ್ಬರನ್ನೊಬ್ಬರು ಫ್ರಿಜ್ಜಿನಲ್ಲಿಟ್ಟ ಡಬ್ಬಿಗಳಿಂದ ಗುರುತಿಸುವ ಮನೆ ಅದು. ನಾನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಉಣ್ಣುತ್ತಿದ್ದೆ, ಕಿಟಕಿಯ ಅಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟು ನಿಂತು ಓದುತ್ತಿದ್ದೆ, ತರಗತಿಯಲ್ಲಿ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಬೇಗ ಹೋಗಬೇಕಿತ್ತಾ ಎಂದು ಪ್ರೊಫೆಸರ್ ಎರಡು ಸಲ ಪಾಠ ನಿಲ್ಲಿಸಿ ಕೇಳಿದರು.

ಎರಡು ಬೀದಿ ಆಚೆಯ ಸುಮಾ ಆಂಟಿ ಒಂದು ಭಾನುವಾರ ಊಟಕ್ಕೆ ಕರೆದರು. ಮೈಸೂರಿನವರು, ಮಾತು ಹೆಚ್ಚು, ಕೈ ಅದಕ್ಕಿಂತ ಧಾರಾಳ. ಅವರೂ ಕೂತ್ಕೋ ಎಂದರು, ನಾನೂ ಆಗಲ್ಲ ಎಂದೆ. ಆಂಟಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಊಟದ ಮೇಜಿನ ಮೇಲಿದ್ದ ಎರಡೂ ತಟ್ಟೆಗಳನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟು, ನನ್ನ ಪಕ್ಕ ನಿಂತುಕೊಂಡೇ ಹುಳಿಯನ್ನ ಕಲಸಿದರು. "ಮದ್ವೆ ಮನೆ ಬಫೆ ಅಂದ್ಕೊಂಡ್ರಾಯ್ತು," ಎಂದರು. ಆ ಚಳಿಗಾಲದಲ್ಲಿ ನನ್ನ ಕಣ್ಣು ತುಂಬಿದ್ದು ಒಂದೆರಡು ಸಲ. ಅದರಲ್ಲಿ ಒಂದು ಆ ಹುಳಿಯನ್ನದ್ದು.

ಉಳುಕು ಆಗಿದ್ದರೆ ಅಷ್ಟು ಹೊತ್ತಿಗೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಕ್ಯಾನಿಂಗ್ಟನ್‌ನ ಶಾಪಿಂಗ್ ಸೆಂಟರ್ ಹತ್ತಿರದ ಒಂದು ಫಿಸಿಯೋ ಕ್ಲಿನಿಕ್‌ಗೆ ಹೋದೆ. ಅಲ್ಲಿನ ಕೇಟ್ ಎಂಬಾಕೆ ನನ್ನನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ಕೈ ಅಡ್ಡ ಇಟ್ಟು, ಮೊಣಕಾಲು ಮಡಿಸು ಎಂದಳು. ನಾನು ಮಡಿಸಿದೆ ಎಂದುಕೊಂಡೆ. ಕಾಲು ಅಲ್ಲಾಡಿರಲಿಲ್ಲ. ಆಕೆ ಮತ್ತೇನೂ ಕೇಳದೆ ನನ್ನ ಜಿಪಿಗೆ, ಅಂದರೆ ಮಾಮೂಲಿ ಡಾಕ್ಟರಿಗೆ, ಫೋನ್ ಮಾಡಿ ಎಂಆರ್‌ಐ ಮಾಡಿಸಲು ಹೇಳಿದಳು. ಸ್ಕೀ ಮಾಡುವವರಲ್ಲಿ ಇದನ್ನು ನೋಡಿದ್ದೇನೆ, ಉಳುಕು ಎಂದುಕೊಂಡೇ ತಡವಾಗಿ ಬರುತ್ತಾರೆ ಎಂದಳು.

ಆ ಸ್ನಾಯುವಿನ ತುದಿಯಲ್ಲಿ ಮೂರು ರಜ್ಜುಗಳು, ಹಗ್ಗದಂಥ ಎಳೆಗಳು, ಒಟ್ಟಾಗಿ ಮೂಳೆಗೆ ಅಂಟಿಕೊಂಡಿರುತ್ತವಂತೆ. ನನ್ನವು ಎರಡು ಕಿತ್ತು ಬಂದಿದ್ದವು, ಒಂದು ಹಿಡಿದುಕೊಂಡಿತ್ತು. ಜಿಪಿ ಕಳಿಸಿದ ಸರ್ಜನ್ ಎಂಆರ್‌ಐಯನ್ನು ಪರದೆಯ ಮೇಲೆ ತೋರಿಸಿದಾಗ ನನಗೆ ಕಂಡದ್ದು ಬೂದು ಬಣ್ಣದ ಮೋಡ. ಮೂರೂ ಕಿತ್ತಿದ್ದರೆ ಹೊಲಿಯಿರಿ ಎನ್ನುತ್ತಿದ್ದೆ, ಒಂದೇ ಕಿತ್ತಿದ್ದರೆ ಬಿಡಿ ಎನ್ನುತ್ತಿದ್ದೆ, ನಿನ್ನದು ನಡುವಿನದು ಎಂದರು ಅವರು. ಹೊಲಿದರೆ ಬಲ ಹೆಚ್ಚು ಮರಳಬಹುದು. ಹೊಲಿಯದೆಯೂ ವ್ಯಾಯಾಮದಿಂದ ಚೆನ್ನಾಗಿ ಬದುಕುವವರಿದ್ದಾರೆ. ಹೊಲಿಯುವುದಾದರೆ ಕೆಲವೇ ವಾರಗಳೊಳಗೆ. ಆಮೇಲೆ ಕಿತ್ತ ತುದಿ ಮೇಲಿಂದ ಕೆಳಗೆ ಸರಿದು ಅಂಟಿಕೊಂಡುಬಿಡುತ್ತದೆ. ಹೊಲಿದ ಮೇಲೆ ವಾರಗಟ್ಟಲೆ ಸೊಂಟಕ್ಕೆ ಬ್ರೇಸು, ಬಗ್ಗುವಂತಿಲ್ಲ, ಊರುಗೋಲು. ಸಾಕ್ಸ್ ಹಾಕಿಕೊಳ್ಳಲೂ ಸ್ನಾನಕ್ಕೂ ಇನ್ನೊಬ್ಬರು ಬೇಕು.

"ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

ಹೌಸ್‌ಮೇಟ್ಸ್ ಇದ್ದಾರೆ ಎಂದೆ. ಅವರು ಪೆನ್ನು ಹಿಡಿದುಕೊಂಡು ಇನ್ನೊಂದು ಹೆಸರಿಗೆ ಕಾದರು.

ಅಮ್ಮ ಬರುತ್ತೇನೆ ಎಂದಳು. ವೀಸಾ ಕೈಗೆ ಬರುವಷ್ಟರಲ್ಲಿ ಆ ವಾರಗಳು ಮುಗಿಯುತ್ತಿದ್ದವು. ವೀಣಕ್ಕ ಬ್ರಿಸ್ಬೇನ್‌ಗೇ ಬಂದುಬಿಡು, ಇಲ್ಲೇ ಮಾಡಿಸೋಣ ಎಂದಳು. ಸೆಮಿಸ್ಟರ್ ಬಿಟ್ಟರೆ ನನ್ನ ವೀಸಾಗೆ ಕುತ್ತು. ಇಬ್ಬರೂ ಮನಸಾರೆ ಹೇಳಿದವರೇ. ಇಬ್ಬರಿಗೂ ನನ್ನ ಬಳಿ ತಕ್ಷಣದ ಖಂಡನೆ ಸಿದ್ಧವಿತ್ತು. ಅದು ಸರಿಯಾದ ಖಂಡನೆಯೂ ಆಗಿತ್ತು. ಫೋನ್ ಇಟ್ಟ ಮೇಲೆ ಆ ಸರಿಯಾದ ಖಂಡನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನೊಬ್ಬಳೇ ನಿಂತಿರುತ್ತಿದ್ದೆ.

ಉಳಿದವಳು ಶಾಹೀನ್. ದಾವಣಗೆರೆಯ ಕಾಲೇಜಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಚರ್ಚಾ ತಂಡ. ನಮ್ಮ ಕಡೆಯ ಅಂತರ ಕಾಲೇಜು ಸ್ಪರ್ಧೆಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಒಂದು ಕಾಲೇಜಿನಿಂದ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕವನ್ನೂ ಕೂಡಿಸಿ ಶೀಲ್ಡು ಕೊಡುತ್ತಾರೆ. ಅಂದರೆ ತಂಡ ಗೆಲ್ಲಬೇಕಾದರೆ ನಿನ್ನ ಜೊತೆಗಾರ್ತಿಯನ್ನೇ ನೀನು ಚೆನ್ನಾಗಿ ಕತ್ತರಿಸಬೇಕು. ಬಸ್ಸಿನಲ್ಲಿ ಹೋಗುವಾಗ ಚೀಟಿ ಎತ್ತುತ್ತಿದ್ದೆವು. ಶಾಹೀನ್‌ಗೆ ಪರ ಬಂದರೆ ಅವಳು ಪರ, ನಂಬಿದರೂ ನಂಬದಿದ್ದರೂ. ರಾಣೆಬೆನ್ನೂರು, ಚಿತ್ರದುರ್ಗ, ಹರಿಹರ ಎಲ್ಲ ಕಡೆಯೂ ನಾವು ಒಬ್ಬರನ್ನೊಬ್ಬರು ಸೋಲಿಸಿ ಒಟ್ಟಿಗೆ ಗೆದ್ದು ಬಂದವರು. ಈಗ ಅವಳು ಅಡಿಲೇಡ್‌ನಲ್ಲಿ ನರ್ಸಿಂಗ್ ಓದುತ್ತ, ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಪರಿಚಿತರಿಗೆ ಸಾಕ್ಸ್ ಹಾಕುವುದು ಅವಳ ದಿನನಿತ್ಯದ ಕೆಲಸ.

ಸರ್ಜನ್‌ಗೆ ಉತ್ತರ ಹೇಳುವ ಹಿಂದಿನ ದಿನ, ಭಾನುವಾರದ ಆರ್ವೊ, ಇಲ್ಲಿನವರು ಮಧ್ಯಾಹ್ನದ ಇಳಿಹೊತ್ತಿಗೆ ಹಾಗೆನ್ನುತ್ತಾರೆ, ಅವಳಿಗೆ ಫೋನ್ ಮಾಡಿ ತಲೆ ಕೆಟ್ಟಿದೆ ಎಂದೆ. ಬೆಳಿಗ್ಗೆ ಒಂದು ಅನ್ನಿಸತ್ತೆ, ಸಂಜೆ ಇನ್ನೊಂದು. ನಾಳೆ ಸರ್ಜನ್‌ಗೆ ಹೇಳಬೇಕು.

"ಲೇ, ಅದಕ್ಕ್ಯಾಕೆ ಅಳ್ತೀಯ," ಎಂದಳು. "ಚೀಟಿ ಎತ್ತೋಣ."

ಇದನ್ನು ಓದುವವರಿಗೆ ಹುಚ್ಚಾಟ ಅನ್ನಿಸಬಹುದು. ನನಗೆ ಆ ಕ್ಷಣದಲ್ಲಿ ವಾರಗಳ ನಂತರ ನೆಲ ಸಿಕ್ಕಂತಾಯಿತು. ನಮಗೆ ಯೋಚಿಸಲು ಗೊತ್ತಿದ್ದದ್ದೇ ಹಾಗೆ. ಚೀಟಿಯ ಅಗತ್ಯವೂ ಬರಲಿಲ್ಲ, ಅವಳೇ ಪರ ತೆಗೆದುಕೊಂಡಳು, ನನಗೆ ವಿರೋಧ ಉಳಿಯಿತು. ವಿಷಯ: ಹರಿದ ಸ್ನಾಯುವನ್ನು ಹೊಲಿಸಲೇಬೇಕು. ತಲಾ ನಾಲ್ಕು ನಿಮಿಷ, ಪ್ರತಿವಾದಕ್ಕೆ ಒಂದು. ಗಂಟೆಗೆ ಅವಳ ಕಡೆ ಸ್ಟೀಲ್ ಲೋಟ ಮತ್ತು ಚಮಚ.

ಶಾಹೀನ್ ಚೆನ್ನಾಗಿ ಮಾತಾಡಿದಳು. ನಿನಗಿನ್ನೂ ಇಪ್ಪತ್ನಾಲ್ಕು, ಈ ಕಾಲು ಇನ್ನೂ ಐವತ್ತು ವರ್ಷ ನಡೆಯಬೇಕು ಎಂದಳು. ಮುಚ್ಚಿಹೋಗುವ ಬಾಗಿಲು ಯಾವುದು, ತೆರೆದೇ ಇರುವ ಬಾಗಿಲು ಯಾವುದು ನೋಡು. ವ್ಯಾಯಾಮ ಯಾವಾಗ ಬೇಕಾದರೂ ಮಾಡಬಹುದು, ಹೊಲಿಗೆ ಈಗ ಬಿಟ್ಟರೆ ಇಲ್ಲ ಎಂದಳು. ಅದು ಒಳ್ಳೆಯ ವಾದ. ಇವತ್ತಿಗೂ ಅದಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ.

ನನ್ನ ಸರದಿ ಬಂದಾಗ ಕಿಟಕಿಯ ಮುಂದೆ ನೆಟ್ಟಗೆ ನಿಂತುಕೊಂಡೆ. ಸರ್ಜನ್ನರೇ ಎರಡೂ ಸರಿ ಎಂದಿದ್ದಾರೆ. ಹತ್ತಿರದಲ್ಲೇ ದೊಡ್ಡ ನರವಿದೆ. ಅರಿವಳಿಕೆ, ಸೋಂಕು. ಒಂದು ರಜ್ಜು ಇನ್ನೂ ಹಿಡಿದುಕೊಂಡಿದೆ. ಧ್ವನಿ ಏರುತ್ತಿತ್ತು, ವೇದಿಕೆಯ ಹಳೆಯ ಹುರುಪು ಮೈಗೆ ಬಂದಿತ್ತು, ನಗು ಕೂಡ ಬರುತ್ತಿತ್ತು. ಎಚ್ಚರಿಕೆಯ ಗಂಟೆ ಆದ ಮೇಲೆ ಕೊನೆಯ ಅಂಶಕ್ಕೆ ಬಂದೆ. ಅದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

"ಮಾನ್ಯ ಅಧ್ಯಕ್ಷರೇ," ಎಂದೆ, "ನನ್ನ ಎದುರಾಳಿ ಆಪರೇಷನ್ ಮಾಡಿಸು ಅಂತಾರೆ. ಮಾಡಿಸಿದೆ ಅಂತಾನೇ ಇಟ್ಕೊಳ್ಳಿ. ಮರುದಿನ ಬೆಳಿಗ್ಗೆ ನನ್ನ ಕಾಲಿಗೆ ಸಾಕ್ಸ್ ಹಾಕೋರು ಯಾರು? ಇದಕ್ಕೆ ಅವರ ಹತ್ರ ಉತ್ತರ ಇದ್ರೆ ನಾನು ಈಗ್ಲೇ ಸೋಲೊಪ್ಕೋತೀನಿ."

ಆ ಕಡೆ ಸದ್ದಿಲ್ಲ. ಅವಳ ಪ್ರತಿವಾದಕ್ಕೆ ಇಡೀ ಒಂದು ನಿಮಿಷ ಇತ್ತು. ಅಡಿಲೇಡ್‌ನ ಅವಳ ಬೀದಿಯಲ್ಲಿ ಯಾರೋ ಗಾಡಿ ರಿವರ್ಸ್ ಮಾಡುತ್ತಿದ್ದ ಪೀ ಪೀ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ನಾನು ಕಾದೆ. ಚಮಚ ಲೋಟಕ್ಕೆ ಬಡಿಯಿತು.

"ಗೆದ್ದೆ ಕಣೇ," ಎಂದಳು. "ಈ ಪಾಯಿಂಟ್‌ಗೆ ಏನ್ ಹೇಳ್ಲಿ."

ಸೋಮವಾರ ಸರ್ಜನ್ನರಿಗೆ ಫೋನ್ ಮಾಡಿ ಹೊಲಿಗೆ ಬೇಡ ಎಂದೆ. "ಆಪರೇಷನ್ ಬೇಡ ಎಂದಳು" ಎಂಬ ಧೀರ ವಾಕ್ಯದ ಹುಟ್ಟು ಇಷ್ಟೇ. ಗೆದ್ದ ಚರ್ಚೆಯ ತೀರ್ಪನ್ನು ನಾನು ಪಾಲಿಸಿದೆ.

ಮುಂದಿನದು ಕೇಟ್‌ಳ ಕೋಣೆ. ಅದರ ಬಗ್ಗೆ ಹೇಳಲು ಕಥೆಯಿಲ್ಲ, ಪುನರಾವರ್ತನೆ ಮಾತ್ರ ಇದೆ. ಮೊದಲು ಬೋರಲು ಮಲಗಿ, ಕಾಲನ್ನು ಅಲ್ಲಾಡಿಸದೆ ಸ್ನಾಯುವನ್ನು ಬರೀ ಬಿಗಿಹಿಡಿಯುವುದು. ಹೊರಗಿನಿಂದ ನೋಡಿದರೆ ಒಬ್ಬಳು ಸುಮ್ಮನೆ ಮಲಗಿದ್ದಾಳೆ. ಆಮೇಲೆ ಅಂಗಾತ ಮಲಗಿ ಸೊಂಟ ಎತ್ತುವುದು. ಆಮೇಲೆ ನಿಂತು, ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗುವುದು. ಈ ಕೊನೆಯದನ್ನು ಕೇಟ್ ಬಹಳ ಹೊತ್ತು ವಿವರಿಸಿದಳು. ನಾನು ವಿಡಿಯೋ ಮಾಡಿ ಅಮ್ಮನಿಗೆ ಕಳಿಸಿದೆ. ಅಮ್ಮ ನೋಡಿ, ಇದು ಕಡ್ಡಿ ಪೊರಕೆಯಲ್ಲಿ ಅಂಗಳ ಗುಡಿಸೋದಲ್ವಾ, ಇದನ್ನ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಎಂದಳು. ಕೇಟ್‌ಗೆ ಅನುವಾದಿಸಿ ಹೇಳಿದೆ. ಮುಂದಿನ ಸಲದಿಂದ ಆಕೆ ಆ ವ್ಯಾಯಾಮವನ್ನು "ನಿನ್ನ ಅಮ್ಮನದು" ಎಂದೇ ಕರೆದಳು.

ಇಂಥ ಗಾಯವಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನೋವು ನೇರ ಗೆರೆಯಲ್ಲಿ ಇಳಿಯುವುದಿಲ್ಲ. ಒಂದು ವಾರ ಮೆಟ್ಟಿಲು ಹತ್ತುತ್ತೀರಿ, ಮುಂದಿನ ವಾರ ಸೀನಿದರೆ ಕಣ್ಣು ಕತ್ತಲಿಡುತ್ತದೆ. ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ, ಯಾಕೆಂದರೆ ನೀವು ನಡೆಯುತ್ತಿದ್ದೀರಿ. ನಡೆಯುವವರನ್ನು ಜಗತ್ತು ಗುಣವಾದವರ ಪಟ್ಟಿಗೆ ಸೇರಿಸಿಬಿಟ್ಟಿರುತ್ತದೆ. ಅವರ ಜೊತೆ ವಾದಿಸಬೇಡಿ. ನಾನು ವಾದಿಸಿದ್ದೇನೆ, ಗೆದ್ದಿದ್ದೇನೆ, ಗೆದ್ದು ಮನೆಗೆ ಬಂದು ಮತ್ತೆ ಕಟ್ಟೆಯ ಮುಂದೆ ನಿಂತು ಉಂಡಿದ್ದೇನೆ.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ನೀಲಿ ಕುರ್ಚಿಗಳ ಸಾಲಿತ್ತು. ಹೋದಾಗಲೆಲ್ಲ ರಿಸೆಪ್ಷನ್ನಿನ ಹುಡುಗಿ ನಗುತ್ತ ಕೂತುಕೊಳ್ಳಿ ಎನ್ನುತ್ತಿದ್ದಳು, ನಾನು ನಗುತ್ತ ಗೋಡೆ ಹಿಡಿಯುತ್ತಿದ್ದೆ. ಒಂದು ದಿನ ಎದುರು ಗೋಡೆಗೆ ಇನ್ನೊಬ್ಬರು ಒರಗಿ ನಿಂತಿದ್ದರು. ಅರವತ್ತರ ಆಸುಪಾಸಿನ ಗಂಡಸು, ಕುರ್ಚಿಗಳೆಲ್ಲ ಖಾಲಿ. ಅವರು ನನ್ನನ್ನು ನೋಡಿ, ಹ್ಯಾಮ್‌ಸ್ಟ್ರಿಂಗಾ, ತೊಡೆಯ ಹಿಂದಿನ ಸ್ನಾಯುವಿನ ಮೇಲಿನ ತುದಿಯಾ ಎಂದು ಕೇಳಿದರು. ಹೌದು ಎಂದೆ. ಅವರದು ಜಪಾನ್‌ನಲ್ಲಿ ಸ್ಕೀ ಮಾಡುವಾಗ ಆದದ್ದು. ಇಬ್ಬರೂ ಎದುರೆದುರು ಗೋಡೆಗಳಿಗೆ ಒರಗಿ, ಖಾಲಿ ಕುರ್ಚಿಗಳ ಮೇಲಿಂದ, ವಿಮಾನದ ಸೀಟುಗಳನ್ನೂ ಗಟ್ಟಿ ಟಾಯ್ಲೆಟ್ ಸೀಟುಗಳನ್ನೂ ಚೆನ್ನಾಗಿ ಬೈದೆವು. ಅಷ್ಟು ಸುಖವಾಗಿ ನಾನು ತಿಂಗಳುಗಳಿಂದ ಮಾತಾಡಿರಲಿಲ್ಲ.

ನಿನ್ನದು ಹೊಲಿದರಾ ಎಂದು ಅವರು ಕೇಳಿದರು. ಇಲ್ಲ ಎಂದೆ. ನನ್ನದು ಹೊಲಿದರು ಎಂದರು. ಆರು ವಾರ ಹೆಂಡತಿಯೇ ಸಾಕ್ಸ್ ಹಾಕಿದಳಂತೆ. ಹಾಕುವಾಗ ಪ್ರತಿದಿನ ಬೈದಳಂತೆ, ಈ ವಯಸ್ಸಲ್ಲಿ ಹಿಮ ಯಾಕೆ ಬೇಕಿತ್ತು ಎಂದು. ಅವರು ಅದನ್ನು ನಗುತ್ತ ಹೇಳಿದರು. ಅಷ್ಟರಲ್ಲಿ ಕೇಟ್ ನನ್ನ ಹೆಸರು ಕರೆದಳು. ಅವತ್ತು ನನ್ನ ಕಾಲಿಗೆ ಬಲವೇ ಬರಲಿಲ್ಲ. ಆಕೆ ನಿದ್ದೆ ಸರಿಯಾಗಿಲ್ಲವಾ ಎಂದಳು, ಇಲ್ಲ ಎಂದೆ.

ಕೂರುವುದು ಮರಳಿ ಬಂದದ್ದು ಇಲ್ಲಿನ ವಸಂತದಲ್ಲಿ, ಅಕ್ಟೋಬರ್-ನವೆಂಬರ್ ಹೊತ್ತಿಗೆ, ರೈಲಿನಲ್ಲಿ. ಥಾರ್ನ್ಲಿಯಿಂದ ಕ್ಯಾನಿಂಗ್ಟನ್‌ಗೆ ಹೋಗುವಾಗ ಎಂದಿನಂತೆ ಕಂಬ ಹಿಡಿದಿದ್ದೆ. ಗಾಡಿ ಖಾಲಿ. ಯೋಚಿಸದೆ ಕೂತುಬಿಟ್ಟೆ. ಕೆಂಡ ಇರಲಿಲ್ಲ. ಗಟ್ಟಿಯಾದ ಒಂದು ಒತ್ತಡ ಇತ್ತು, ಅಷ್ಟೆ. ಇಳಿಯುವವರೆಗೂ ಏಳದೆ ಕೂತೆ. ಕೂತ ಎತ್ತರದಿಂದ ಕಿಟಕಿಯ ಹೊರಗೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಒಂದು ನೀಲಿ ಈಜುಕೊಳ ಎಲ್ಲ ಬೇರೆಯೇ ಕಂಡವು. ಫೋನ್ ತೆಗೆದೆ, ಯಾರಿಗಾದರೂ ಹೇಳಬೇಕಿತ್ತು. ನಾನು ಕೂತೆ ಎಂದು ಹೇಳಿದರೆ ಯಾರಿಗೆ ಅರ್ಥವಾಗುತ್ತದೆ? ಕೂರಲಾಗದ್ದೇ ಅವರಿಗೆ ಗೊತ್ತಿರಲಿಲ್ಲ. ಫೋನ್ ಒಳಗಿಟ್ಟೆ.

ಈಗ ಆಗಿ ಎರಡು ವರ್ಷ ಸಮೀಪಿಸುತ್ತಿದೆ. ಎಡ ಪಿರ್ರೆಯ ಕೆಳಗೆ ಒಂದು ತಗ್ಗು ಉಳಿದಿದೆ. ಸಿನಿಮಾಕ್ಕೆ ಸಣ್ಣ ದಿಂಬು ಒಯ್ಯುತ್ತೇನೆ. ಬಸ್ಸು ಹಿಡಿಯುವಷ್ಟು ಓಡುತ್ತೇನೆ, ಬೇಗ ದಣಿಯುತ್ತೇನೆ. ಹೊಲಿಸಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತಾ? ಕೇಟ್‌ಗೆ ಗೊತ್ತಿಲ್ಲ, ಸರ್ಜನ್‌ಗೆ ಗೊತ್ತಿಲ್ಲ. ನಡೆಯದೇ ಹೋದದ್ದಕ್ಕೆ ಪುರಾವೆ ಇರುವುದಿಲ್ಲ. ಅದರ ಜೊತೆ ನಾನು ಬದುಕಬಲ್ಲೆ. ಬದುಕಲು ಕಷ್ಟವಾಗುತ್ತಿರುವುದು ಇನ್ನೊಂದರ ಜೊತೆ.

ಕಳೆದ ತಿಂಗಳು ಕೆಲಸದ ಇಂಟರ್‌ವ್ಯೂಗೆ ಅಡಿಲೇಡ್‌ಗೆ ಹೋದಾಗ ಶಾಹೀನ್ ಮನೆಯಲ್ಲಿ ಉಳಿದೆ. ಅವಳು ಬಿರಿಯಾನಿ ಮಾಡಿ, ನಮ್ಮ ಕಡೆಯ ಇಬ್ಬರು ಹೊಸ ಹುಡುಗಿಯರನ್ನು ಊಟಕ್ಕೆ ಕರೆದಿದ್ದಳು. ಅವರ ಮುಂದೆ ಆ ಕಥೆ ಹೇಳಿದಳು. ಬಿದ್ದದ್ದು, ಹರಿದದ್ದು, ಆಪರೇಷನ್ ಬೇಡ ಎಂದದ್ದು. ಹೇಳುವಾಗ ಅವಳ ಕಣ್ಣಿನಲ್ಲಿ ನಿಜವಾದ ಅಭಿಮಾನವಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಭಾನುವಾರದ ಚರ್ಚೆಯನ್ನು ಅವಳು ಹೇಳಲಿಲ್ಲ. ಮರೆತಿದ್ದಳಾ, ಬಿಟ್ಟಿದ್ದಳಾ ತಿಳಿಯಲಿಲ್ಲ. ಹುಡುಗಿಯರು ನನ್ನನ್ನು ಪೂಜ್ಯಭಾವದಿಂದ ನೋಡಿದರು. ನಾನು ರಾಯಿತ ಬಡಿಸಿಕೊಂಡೆ.

ಮರುದಿನ ಅವಳು ಏರ್‌ಪೋರ್ಟ್‌ಗೆ ಬಿಡಲು ಬಂದಳು. ದಾರಿಯುದ್ದಕ್ಕೂ ನಾನು ಅವಳ ಪರವಾಗಿ ವಾದಿಸಿಕೊಂಡೆ, ಅಭ್ಯಾಸಬಲ. ಅವಳಿಗೆ ಪರೀಕ್ಷೆಗಳಿದ್ದವು. ಕೆಲಸ ಹೊಸದು, ರಜೆ ಸಿಗುತ್ತಿರಲಿಲ್ಲ. ಅದು ಚರ್ಚೆಯ ಮಾತು, ನಾನು ನೇರವಾಗಿ ಬಾ ಎಂದು ಕೇಳಿರಲಿಲ್ಲ. ಕೇಳದ ಸಹಾಯಕ್ಕೆ ಲೆಕ್ಕ ಕೇಳುವುದು ನ್ಯಾಯವಲ್ಲ. ಎಲ್ಲವೂ ಗಟ್ಟಿ ಅಂಶಗಳೇ. ಆದರೂ ಎದುರು ಬದಿಯಲ್ಲಿ ಆ ನಿಶ್ಶಬ್ದ ಕೂತಿತ್ತು, ಯಾವ ಅಂಶಕ್ಕೂ ಅಲ್ಲಾಡದೆ. ನನ್ನ ಇಡೀ ಸಂಕಟ ಆ ಒಂದು ನಿಮಿಷದಲ್ಲಿತ್ತು. ಆ ಚರ್ಚೆಯಲ್ಲಿ ಸೋಲಬೇಕು ಎಂದು ನಾನು ಅಷ್ಟು ಬಯಸಿದ್ದೆ ಎಂದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ ಎನ್ನುವುದಷ್ಟೇ ನನಗೆ ಬೇಕಿತ್ತು.

ಇಳಿಸುವ ಜಾಗದಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಅವಳು ಹಿಂದಿನ ಸೀಟಿನಿಂದ ನನ್ನ ಬ್ಯಾಗ್ ಎಳೆದು ಕೊಟ್ಟಳು, ಬಿರಿಯಾನಿಯ ಡಬ್ಬಿ ನೆಟ್ಟಗಿದೆಯಾ ನೋಡಿದಳು, ಇಳಿ ಬೇಗ ಎಂದಳು. ನಾನು ಇಳಿಯಲಿಲ್ಲ. ಕೂತಲ್ಲಿಂದಲೇ ಅವಳ ಕಡೆ ತಿರುಗಿದೆ.

"ಶಾಹೀನ್," ಎಂದೆ, "ಅವತ್ತು ಭಾನುವಾರ, ಸಾಕ್ಸ್ ಯಾರ್ ಹಾಕ್ತಾರೆ ಅಂತ ಕೇಳ್ದೆನಲ್ಲ. ನಿಂಗೆ ಉತ್ರ ಹೊಳೀಲೇ ಇಲ್ವಾ, ಹೊಳೆದೂ ಹೇಳ್ಲಿಲ್ವಾ?"